ಅಜ್ಜಿಯ ಗಂಟು ಬೆಂಕಿಗುಡ್ಡಕ್ಕೆ ಹೊರಟದ್ದು

ಐವತ್ತರ ದಶಕದ ಒಂದು ಬೇಸಿಗೆಯಲ್ಲಿ, ಆಫ್ರಿಕಾದ ರೈಲ್ವೆಯಲ್ಲಿ ನೌಕರಿಗಿದ್ದ ನನ್ನ ಕಾಕಾ ರಜೆಗೆಂದು ರೋಣಕ್ಕೆ ಬಂದವನು ಅಜ್ಜಿಯ ತಲೆ ಕೆಡಿಸಿಬಿಟ್ಟ. ಅಲ್ಲೊಂದು ದಟ್ಟ ಅಡವಿಯಂತೆ. ಸರ್ಕಾರವೇ ಕಾಯುತ್ತದಂತೆ, ಯಾರೂ ಬೇಟೆಯಾಡುವಂತಿಲ್ಲ. ವರ್ಷವಿಡೀ ಮಳೆ. ನಡುವೆ ಬೆಂಕಿ ಉಗುಳುವ ಗುಡ್ಡ!

"ಮಳಿಯಾಗ ಬೆಂಕಿ ಆರೂದಿಲ್ಲೇನೋ?" ಎಂದಳು ಅಜ್ಜಿ.

"ಬಂದು ನೋಡಬೇ ಯವ್ವಾ, ನಾ ಕರ್ಕೊಂಡ ಹೋಗ್ತೀನಿ."

ಅಷ್ಟೇ ಸಾಕಾಯಿತು. ಮಳೆ ಕೈಕೊಟ್ಟರೆ ಆಕಾಶಕ್ಕೇ ಬೈಯುವ ಹೆಂಗಸು. ದಿನಾ ಮಳೆ ಬೀಳುವ ಸೀಮೆ ಇದೆಯೆಂದರೆ ಬಿಟ್ಟಾಳೇ? ಮರುದಿನದಿಂದಲೇ ಖಡಕ್ ರೊಟ್ಟಿ ಬಡಿದದ್ದೇ ಬಡಿದದ್ದು, ಶೇಂಗಾ ಚಟ್ನಿ ಕುಟ್ಟಿದ್ದೇ ಕುಟ್ಟಿದ್ದು. ಆ ಹಸಿ ಗಾಳಿಗೆ ರೊಟ್ಟಿ ಮೆತ್ತಗಾಗುತ್ತದೆ ಎಂದು ಕಾಕಾ ಬಡಕೊಂಡರೂ ಕೇಳಲಿಲ್ಲ. "ಗುಡ್ಡದಾಗ ಬೆಂಕಿ ಐತಲ್ಲ, ಕಾಸಿ ತಿಂತೀನಿ" ಎಂದಳು. ಬೆಂಕಿ ಕಾರುವವಳು ದೇವಿಯೇ ಇರಬೇಕೆಂದು, ಆಫ್ರಿಕಾದಲ್ಲೇ ಇದ್ದ ಸೊಸೆ, ಕಾಕಾನ ಹೆಂಡತಿಯ ಕೈಯಿಂದ ಉಡಿ ತುಂಬಿಸಲು ಖಣ, ಕೊಬ್ಬರಿ ಬಟ್ಟಲನ್ನೂ ಗಂಟಿಗೆ ಸೇರಿಸಿದಳು. ನಾವು ಮಕ್ಕಳು ನಕ್ಕು ನಕ್ಕು ಸುಸ್ತಾದೆವು.

ನಗದವನು ನನ್ನ ಅಪ್ಪ ಒಬ್ಬನೇ. ಹತ್ತಿಯ ವ್ಯಾಪಾರಿ, ಪೇಟೆಯಲ್ಲಿ ಮೀಸೆ ತಿರುವಿ ಓಡಾಡುವ ಮನುಷ್ಯ, ಪಂಚಾಂಗ ಹಿಡಿದು ಕೂತುಬಿಟ್ಟ. ಇವತ್ತು ಅಮಾವಾಸ್ಯೆ, ನಾಳೆ ದಿಕ್ಕು ಸರಿಯಿಲ್ಲ, ನಾಡಿದ್ದು ನಕ್ಷತ್ರ ಕೆಟ್ಟದ್ದು. ಕಾಕಾನ ರಜೆ ಮುಗಿಯುತ್ತ ಬಂತು. ಮುಂಬೈಯಲ್ಲಿ ಹಡಗು ತಪ್ಪಿತೆಂದರೆ ಅಜ್ಜಿಯ ಪ್ರಯಾಣವೂ ತಪ್ಪಿದಂತೆಯೇ. ಅವಳ ಮುಖ ಬಾಡಿದ್ದು ನೋಡಿ ನನಗೆ ಅಪ್ಪನ ಮೇಲೆ ವಿಪರೀತ ಸಿಟ್ಟು.

ಆದರೆ ಅಜ್ಜಿ ಬಿಡುವ ಪೈಕಿಯಲ್ಲ. ನಮ್ಮಲ್ಲೊಂದು ಪದ್ಧತಿ: ಹೊರಡುವ ದಿನ ಚಲೋ ಇರದಿದ್ದರೆ, ಮೊದಲೇ ಒಳ್ಳೆಯ ಗಳಿಗೆಯಲ್ಲಿ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟುಬರುವುದು. ಇದಕ್ಕೆ ಪ್ರಸ್ಥಾನ ಎನ್ನುತ್ತಾರೆ. ಗಂಟು ಹೊರಟಿತೆಂದರೆ ಮನುಷ್ಯ ಹೊರಟಂತೆ. ಅದನ್ನು ಮರಳಿ ಮನೆಗೆ ತರುವುದು ಅಪಶಕುನ. ಅಪ್ಪ ಅಂಗಡಿಗೆ ಹೋದ ಹೊತ್ತಿನಲ್ಲಿ, ಅವನದೇ ಪಂಚಾಂಗವನ್ನು ಭಟ್ಟರಿಗೆ ತೋರಿಸಿ ಗಳಿಗೆ ಕೇಳಿ, ಅಜ್ಜಿ ತನ್ನ ಗಂಟನ್ನು ಎದುರುಮನೆಯ ಮುದುಕಿಯ ಪಡಸಾಲೆಯಲ್ಲಿ ಇಟ್ಟುಬಂದಳು.

ಸಂಜೆ ಗೊತ್ತಾಗಿದ್ದೇ ತಡ, ಅಪ್ಪ ದಡದಡ ಎದುರುಮನೆಗೆ ಹೋದ. ಅಜ್ಜಿ, ನಾನು ಹಿಂದೆಯೇ ಓಡಿದೆವು.

"ಗಂಟ ಕೊಡ್ರಿ ಅತ್ತಿ."

"ಪ್ರಸ್ಥಾನದ ಗಂಟ ಹೊಳ್ಳಿ ಒಯ್ತಾರೇನೋ?" ಎಂದಳು ಎದುರುಮನೆಯಾಕೆ. "ದಿನಾ ಪಂಚಾಂಗ ನೋಡಾಂವ ನೀನ ಹಿಂಗಂದ್ರ ಹ್ಯಾಂಗ?"

ಅಪ್ಪ ಗಂಟಿನ ಪಕ್ಕ ಕುಸಿದು ಕೂತ. ಅಜ್ಜಿಯ ಮುಖ ನೋಡಿ ಸಣ್ಣ ಹುಡುಗನಂತೆ ಅತ್ತುಬಿಟ್ಟ.

"ಪಂಚಾಂಗದಾಗ ದಿನಗೋಳೆಲ್ಲಾ ಚಲೋನ ಅದಾವಬೇ. ನೀ ಇಲ್ಲದ ಮನಿಯಾಗ ನಾ ಒಂದಿನಾನೂ ಇದ್ದಾಂವಲ್ಲ."

ಅಜ್ಜಿ ಅವನ ತಲೆ ಸವರಿದಳು. ಮುಗೀತು, ಇನ್ನಿವಳು ಹೋಗುವುದಿಲ್ಲ ಎಂದುಕೊಂಡೆ ನಾನು.

"ಹುಚ್ಚಪ್ಪಾ," ಎಂದಳು ಅಜ್ಜಿ, "ಹೊಳ್ಳಿ ಬರಲಾರದ ಊರಿಗೆ ನಾ ಒಂದಿನ ಹೋಗಾಕಿನ. ಇದು ಹೊಳ್ಳಿ ಬರೂ ಊರು. ಈಗ ರೂಢಿ ಮಾಡ್ಕೋ."

ಹೊರಡುವ ದಿನ ಹೊಳೆಆಲೂರು ಸ್ಟೇಷನ್ನಿನ ತನಕ ಆ ಗಂಟನ್ನು ಅಪ್ಪ ಯಾರ ಕೈಗೂ ಕೊಡಲಿಲ್ಲ.