ಎರಡು ಸೀಟಿನ ಕಾರು, ಹಿಂದೆ ಶಿವಾನಂದ

ಇಲ್ಲ... ನಂಬಲಿಕ್ಕೇ ಆಗುತ್ತಿಲ್ಲ.
ಮೊನ್ನೆ ಫೋನಿನಲ್ಲಿ ನನ್ನನ್ನು ಬೈದಿದ್ದಾನೆ ಮಾರಾಯ್ರೆ!
ಮೊಣಕಾಲು ಆಪರೇಷನ್ ಆದವನು ವಾಕರ್ ಹಿಡಿದು ನಡೆಯಬೇಕು, ಮಲಗಿದರೆ ತುಕ್ಕು ಹಿಡಿಯುತ್ತೀಯ ಅಂತ.
ಈಗ ಅವನ ಮಗಳ ಮೆಸೇಜ್...
ಶಿರಸಿಯ ನನ್ನ ಗೆಳೆಯ ಶಿವಾನಂದ ಇನ್ನಿಲ್ಲ.
ನಾಳೆ ಬೆಳಿಗ್ಗೆಯೇ ಮಣ್ಣು ಮಾಡುತ್ತಾರಂತೆ.
ನಾನು ಇಲ್ಲಿ ಯಲ್ಲಾಪುರದಲ್ಲಿ, ಕಾಲಿಗೆ ಪಟ್ಟಿ ಸುತ್ತಿಕೊಂಡು ಮಂಚದ ಮೇಲೆ.
ಏನು ಮಾಡಲಿ... ಹೋಗಲಾರೆ.

ಬೆಲ್ಲದ ವ್ಯಾಪಾರಿ ಶಿವಾನಂದ ನಿಮಗೆಲ್ಲ ಗೊತ್ತು.
ಅವನ ಕಾರು ಗೊತ್ತಿಲ್ಲ. ಕೇಳಿ... ಬೇರೇನೂ ನನ್ನ ಕೈಯಲ್ಲಿಲ್ಲ.

ಇಂಗ್ಲೆಂಡಿನ ಸ್ಪೋರ್ಟ್ಸ್ ಕಾರ್. ಎರಡೇ ಸೀಟು, ತಲೆಯ ಮೇಲೆ ಬಟ್ಟೆಯ ಹುಡ್.
ಐವತ್ತಾರನೇ ಇಸವಿಯಲ್ಲಿ ಯಲ್ಲಾಪುರದ ಮರದ ನಾಟಾ ವ್ಯಾಪಾರಿಯೊಬ್ಬ ಮುಂಬಯಿಯಿಂದ ತಂದದ್ದು.
ದಢೂತಿ ಆಸಾಮಿ... ಅವನು ಕೂತರೆ ಸ್ಟೀರಿಂಗ್ ತಿರುಗುತ್ತಿರಲಿಲ್ಲ!
ಸಿದ್ದಾಪುರದ ಡಾಕ್ಟರೊಬ್ಬರಿಗೆ ಮಾರಿದ.
ಡಾಕ್ಟರು ಹಳ್ಳಿಗೆ ವಿಸಿಟ್ ಹೋದಾಗ ಗಾಡಿದಾರಿಯ ಕಲ್ಲಿಗೆ ತಳ ಬಡಿದು ಆಯಿಲ್ ಪೂರಾ ಸೋರಿತು.
ಗೊತ್ತಾಗದೆ ಓಡಿಸಿದರು. ಎಂಜಿನ್ ಜಾಮ್. ಕೊಟ್ಟಿಗೆ ಸೇರಿತು, ಕೋಳಿ ಮೊಟ್ಟೆ ಇಟ್ಟವು.
ಶಿವಾನಂದನ ಅಪ್ಪ, ಬನವಾಸಿ ಕಡೆಯಿಂದ ಬಂದ ಬೆಲ್ಲದ ಸಾಹುಕಾರರು, ಮಗನ ಹಟಕ್ಕೆ ಅದನ್ನು ಎತ್ತು ಕಟ್ಟಿಸಿ ಶಿರಸಿಗೆ ಎಳೆಸಿ ತಂದರು.

ಎರಡು ವರ್ಷ...
ಬೆಲ್ಲದ ಗೋಡೌನಿನಲ್ಲಿ ಎಂಜಿನ್ ಬಿಚ್ಚಿ ಹರವಿಕೊಂಡು ಕೂತ.
ಪಿಸ್ಟನ್ನಿಗೆಲ್ಲ ಇರುವೆ! ಬೆಲ್ಲಕ್ಕೆಲ್ಲ ಗ್ರೀಸ್ ವಾಸನೆ!
ಸೀಟಿಗೆ ಬೂರುಗದ ಹತ್ತಿ ತುಂಬಿಸಿದ. ನಾಟಕದ ಪರದೆ ಹೊಲಿಯುವ ದರ್ಜಿಯಿಂದ ಹುಡ್ ಹೊಲಿಸಿದ.
ಆಯುಧಪೂಜೆಯ ದಿನ ಗೋಡೌನಿನಲ್ಲೇ ಸ್ಟಾರ್ಟ್ ಆಯಿತು ನೋಡಿ... ಗಂಡಸು, ಅತ್ತುಬಿಟ್ಟ.
"ಬನವಾಸಿ ರಸ್ತಾದಾಗ ಒಮ್ಮೆ ಜೋರ್ ಬಿಡೂಣು. ನೀ ಬಾಜೂಕ ಕುಂದ್ರು," ಎಂದ.
"ಆತು ಮಾರಾಯ, ಬರ್ತೆ," ಎಂದೆ.
ಅವನಿಗೆ ಬೇಕಿದ್ದದ್ದು ಅಷ್ಟೇ.

ಅಷ್ಟರಲ್ಲಿ ಪಕ್ಕದ ಬೀದಿಯವರು ಮದುವೆ ಮೆರವಣಿಗೆಗೆ ಕಾರು ಕೇಳಿದರು.
ಎರಡೇ ಸೀಟು... ಗಂಡು ಹೆಣ್ಣಿಗೆ ಹೇಳಿ ಮಾಡಿಸಿದ ಹಾಗಿದೆ ಎಂದರು.
ಡ್ರೈವರ್ ಎಲ್ಲಿ ಕೂರಬೇಕು? ಒಬ್ಬರಾದರೂ ಯೋಚಿಸಿರಲಿಲ್ಲ!
ಮದುಮಗನಿಗೆ ಡ್ರೈವಿಂಗ್ ಬಾರದು.
ಕೊನೆಗೆ ಅವನ ಕೈಗೆ ಸ್ಟೀರಿಂಗ್ ಕೊಟ್ಟು, ಎಂಜಿನ್ ಆಫ್ ಮಾಡಿ, ಹಿಂದಿನಿಂದ ತಳ್ಳಿದರು.
ಮುಂದೆ ವಾಲಗ, ನಡುವೆ ಕಾರು, ಹಿಂದೆ ಶಿವಾನಂದ.

ಅದೇ ಪದ್ಧತಿಯಾಗಿ ಹೋಯಿತು.
ಎಂಜಿನ್ ಸದ್ದಿಗೆ ವಾಲಗ ಕೇಳುವುದಿಲ್ಲ ಅಂತ ಹಿರಿಯರ ತಕರಾರು ಬೇರೆ.
ಸಿದ್ದಾಪುರದ ಮದುವೆಗೆ, ಧೂಳಾಗುತ್ತದೆ ಅಂತ, ಲಾರಿಯಲ್ಲಿ ಹೇರಿಕೊಂಡು ಹೋದರು!
ಕೀಲಿ ಅಪ್ಪನ ಉಡಿದಾರದಲ್ಲಿ.
ಒಂದೇ ಒಂದು ದಿನ ಕೊಡಿ ಎಂದು ಬೇಡಿಕೊಂಡ.
"ಮದುವಿ ಮನಿಯವ್ರಿಗೆ ಮಾತ ಕೊಟ್ಟೇನಿ. ಶುಭಕಾರ್ಯಕ್ಕ ಇಲ್ಲ ಅನ್ನಾಕ ಬರೂದಿಲ್ಲ," ಎಂದರು.
ಮಳೆಗಾಲದಲ್ಲಿ ಹುಡ್ ಸೋರುತ್ತದೆ. ಮಳೆ ಬಿಟ್ಟರೆ ಮತ್ತೆ ಮದುವೆ.

ಶಿವಾ...
ನನ್ನ ಮದುವೆಗೂ ಅದೇ ಕಾರು.
ಬಾಸಿಂಗ ಕಟ್ಟಿಕೊಂಡು ನಾನು ಒಳಗೆ, ಬೆವರು ಸುರಿಸುತ್ತ ನೀನು ಹಿಂದೆ.
ಬ್ರೇಕ್ ಮೇಲಿನ ಕಾಲು ತೆಗೆಯೋ ಅಂತ ನೀನು ಕೂಗಿದ್ದಕ್ಕೆ ಇಡೀ ಮೆರವಣಿಗೆ ನಕ್ಕಿತು. ನೀನೂ ನಕ್ಕೆ.

ಅಲ್ಲಿಗೆ ಬಂದಿದ್ದ ಹುಬ್ಬಳ್ಳಿಯ ಒಬ್ಬರು ಕಾರಿಗೆ ಆಸೆಪಟ್ಟರು. ನಿನ್ನ ಅಪ್ಪ ಕೊಟ್ಟೇಬಿಟ್ಟರು.
ನಿನ್ನನ್ನು ಒಂದು ಮಾತು ಕೇಳಲಿಲ್ಲ.
ಹುಬ್ಬಳ್ಳಿ ತನಕ ನಾನೇ ಓಡಿಸಿ ಮುಟ್ಟಿಸುತ್ತೇನೆ ಅಂತ ನೀನು ಕೈಮುಗಿದೆ.
ಗೀಚು ಬಿದ್ದೀತು ಎಂದು ಅವರು ಲಾರಿ ತಂದಿದ್ದರು.
ಹಲಗೆ ಇಟ್ಟರು... ಕಾರು ಹತ್ತಲಿಲ್ಲ.
ನೀನೇ ಹಿಂದೆ ಹೋಗಿ ಹೆಗಲು ಕೊಟ್ಟೆ. ಪಕ್ಕದಲ್ಲಿ ನಾನೂ ತಳ್ಳಿದೆ.
ಹತ್ತಿತು. ಹೋಯಿತು.

ಆಮೇಲೆ ನೀನು ಜೀಪು ಓಡಿಸಿದೆ, ಲಾರಿ ಓಡಿಸಿದೆ. ಆ ಕಾರಿನ ಮಾತು ಎತ್ತಲಿಲ್ಲ.
ಮೊನ್ನೆ ಫೋನ್ ಇಡುವ ಮುಂಚೆ ಮಾತ್ರ ಅಂದೆಯಲ್ಲ...
"ಕಾಲ ನೆಟ್ಟಗಾಗ್ಲಿ ನಿಂದು. ಬನವಾಸಿ ರಸ್ತಾ ಈಗ ಭಾಳ ಚಲೋ ಆಗೇತಿ."
ಬರುತ್ತೇನೆ ಎಂದಿದ್ದೆ ಕಣೋ.
ನಾಳೆ ನಿನಗೆ ಹೆಗಲು ಕೊಡಲಿಕ್ಕೂ ನಾನಿಲ್ಲ...

ಹೋಗಿ ಬಾ ಶಿವಾ.
ಅಲ್ಲಿ ಯಾರು ಕರೆದರೂ ಹಿಂದೆ ಹೋಗಿ ನಿಲ್ಲಬೇಡ. ಸ್ಟೀರಿಂಗ್ ಇರುವ ಸೀಟಿನಲ್ಲಿ ಕೂತುಕೋ.
ನಿನ್ನ ಜೀವಕ್ಕೆ ನೆಮ್ಮದಿ ಸಿಗಲಿ ಎಂದು... ಮಲಗಿದಲ್ಲಿಂದಲೇ ಕೈಮುಗಿಯುತ್ತೇನೆ.