ಅಗ್ನಿಮೂಲೆಗೆ ಹೋದ ಎಣ್ಣೆ ಟ್ಯಾಂಕು

ಬದರೀನಾಥ ಅಂಕಲ್ ಕೈಗೆ ದಿಕ್ಸೂಚಿ ಬಂದದ್ದು ಕೆಲಸ ಹೋದ ಮೇಲೆ. ಅದಕ್ಕೆ ಮೊದಲು ಡೆಟ್ರಾಯಿಟ್ ಹತ್ತಿರದ ಒಂದು ಬ್ರೇಕ್ ಕಾರ್ಖಾನೆಯಲ್ಲಿ ಅವರು ತಪಾಸಣೆ ವಿಭಾಗದ ಎಂಜಿನಿಯರ್. ಕೂದಲೆಳೆಯಷ್ಟು ವ್ಯತ್ಯಾಸ ಕಂಡರೂ ಇಡೀ ಲಾಟನ್ನೇ ವಾಪಸ್ ಕಳಿಸುತ್ತಿದ್ದ ಮನುಷ್ಯ. ಮೈಸೂರಿನವರು, ಜಂಬ ಸ್ವಲ್ಪ ಜಾಸ್ತಿ. ಆದರೆ ಕೆಲಸದ ವಿಷಯದಲ್ಲಿ ಯಾರೂ ಬೆರಳು ತೋರಿಸುವ ಹಾಗಿರಲಿಲ್ಲ. 2008ರ ಕೊನೆಗೆ ಕಾರ್ಖಾನೆಯವರು ಅವರನ್ನು ಮನೆಗೆ ಕಳಿಸಿದರು.

ಆಮೇಲೆ ಅವರನ್ನು ನೋಡಲಾಗುತ್ತಿರಲಿಲ್ಲ. ಯಾರ ಮನೆಯ ಊಟಕ್ಕೆ ಹೋದರೂ ಸೋಫಾದ ತುದಿಯಲ್ಲಿ ಕೂತು ಕೈಯಲ್ಲಿನ ತಟ್ಟೆ ನೋಡುತ್ತಿದ್ದರು. ಹುಡುಗರು "ಹಲೋ ಅಂಕಲ್" ಅಂದು ದಾಟಿ ಹೋಗುತ್ತಿದ್ದರು. ಒಂದು ದಿನ ಯಾರೋ ತಮ್ಮ ಮನೆ ಮಾರಾಟವಾಗುತ್ತಿಲ್ಲ ಎಂದು ಗೋಳಾಡಿದಾಗ ಅಂಕಲ್ ತಲೆಯೆತ್ತಿ, "ಅಡುಗೆ ಒಲೆ ಯಾವ ದಿಕ್ಕಿಗಿದೆ?" ಎಂದು ಕೇಳಿದರು. ಒಲೆಯ ಜಾಗ ಬದಲಾಯಿತು, ಮನೆ ಮಾರಾಟವೂ ಆಯಿತು. ಅಷ್ಟೇ ಸಾಕಾಯಿತು. ಮಿಷಿಗನ್ನಿನಲ್ಲಿ ಆಗ ಮನೆ ಮಾರಲಾಗದೆ ಒದ್ದಾಡುತ್ತಿದ್ದ ಕನ್ನಡದವರೆಲ್ಲ ಅಂಕಲ್‌ಗೆ ಫೋನ್ ಮಾಡತೊಡಗಿದರು. ಅವರು ಕಾಸು ಮುಟ್ಟುತ್ತಿರಲಿಲ್ಲ. ಅವರಿಗೆ ಬೇಕಾಗಿದ್ದದ್ದು ಎದುರಿಗೆ ನಾಲ್ಕು ಜನ ಕೈಕಟ್ಟಿ ನಿಂತು ಕೇಳಿಸಿಕೊಳ್ಳುವುದು. ಆಗ ನನಗೆ ಅವರ ಮೇಲೆ ಕನಿಕರವಿತ್ತು. ಈಗ ಚೂರೂ ಇಲ್ಲ.

ನನ್ನ ಗೆಳತಿ ಪದ್ಮಜಾಳ ಮನೆ ಫಾರ್ಮಿಂಗ್ಟನ್ ಹಿಲ್ಸ್ ದಾಟಿ ಪಶ್ಚಿಮಕ್ಕೆ, ಗ್ಯಾಸ್ ಪೈಪು ಇನ್ನೂ ಬರದಿದ್ದ ಕಡೆ. ಕುಡಿಯಲು ಬೋರ್‌ವೆಲ್, ಮನೆ ಬಿಸಿ ಮಾಡಲು ಹೊರಗೊಂದು ದೊಡ್ಡ ಎಣ್ಣೆ ಟ್ಯಾಂಕು. ಅವಳ ಗಂಡ ಸತ್ಯನಿಗೂ ಇಲ್ಲಿನ ಕೆಲಸ ಹೋಗಿ, ಷಿಕಾಗೋ ಕಡೆ ಹೊಸದು ಸಿಕ್ಕಿತ್ತು. ಅವನು ವುಡ್‌ರಿಡ್ಜ್‌ನಲ್ಲಿ ಪರಿಚಯದವರ ಬೇಸ್‌ಮೆಂಟಿನಲ್ಲಿ ಮಲಗುತ್ತಿದ್ದ. ಈ ಮನೆ ಮಾರಿದರೆ ಮಾತ್ರ ಹೆಂಡತಿ, ಮಗಳು ಮಾನ್ಯಾ ಅಲ್ಲಿಗೆ ಹೋಗಬಹುದಿತ್ತು. ಸತ್ಯ ವೀಕೆಂಡಿಗೆ ಡ್ರೈವ್ ಮಾಡಿಕೊಂಡು ಬಂದು ಭಾನುವಾರ ಮಧ್ಯಾಹ್ನ ಹೊರಟಾಗಲೆಲ್ಲ ಆ ಹುಡುಗಿ ಊಟ ಬಿಡುತ್ತಿದ್ದಳು. ಮನೆ ನೋಡಲು ಒಬ್ಬರೂ ಬರುತ್ತಿರಲಿಲ್ಲ.

ಅಂಕಲ್ ಬಂದರು. ದಿಕ್ಸೂಚಿ ಹಿಡಿದು ಮನೆಯನ್ನು ಒಂದು ಸುತ್ತು ಹಾಕಿ, ಟ್ಯಾಂಕಿನ ಮುಂದೆ ನಿಂತರು.

"ಈಶಾನ್ಯದಲ್ಲಿ ಎಣ್ಣೆ! ನೋಡಮ್ಮ ಪದ್ಮಜಾ, ದೇವಮೂಲೆ ಇದು. ಇಲ್ಲಿ ಹೀಗೆ ಭಾರ ಹೇರಿದ್ರೆ ಮನೆ ಹೇಗೆ ಕೈಬಿಡತ್ತೆ? ಇದು ಆಗ್ನೇಯಕ್ಕೆ ಹೋಗಬೇಕು. ಅಗ್ನಿಮೂಲೆ."

ಟ್ಯಾಂಕಿನ ಕಂಪನಿಯವನು ಬಂದು ನೋಡಿ ಆಗುವುದಿಲ್ಲ ಎಂದ. ಅದು ತಗಡಿನ ಮಾಡು; ಆ ಕಡೆ ಮಂಜೆಲ್ಲ ಜಾರಿ ಸೂರಿನ ಕೆಳಗೆ ಬೀಳುತ್ತದೆ, ಪಕ್ಕದಲ್ಲೇ ಬೋರ್‌ವೆಲ್ ಬೇರೆ ಇದೆ. ಇಡಲೇಬೇಕೆಂದರೆ ಬೋರ್‌ವೆಲ್ಲಿನಿಂದ ಸಾಕಷ್ಟು ದೂರದಲ್ಲಿ, ಕೆಳಗೆ ಕಾಂಕ್ರೀಟ್ ಹಾಸಿ, ಮೇಲೆ ಗಟ್ಟಿ ಮುಚ್ಚಳ ಕಟ್ಟಿ, ಟೌನ್‌ಶಿಪ್ ಕಚೇರಿಯವರಿಂದ ತಪಾಸಣೆ ಮಾಡಿಸಿ ಎಂದು ಹೇಳಿ ಹೋದ. ಪದ್ಮಜಾ ಹೆದರಿ ಅಂಕಲ್ ಮುಖ ನೋಡಿದಳು.

"ದೂರ ಇಟ್ರೆ ಮೂಲೆ ತಪ್ಪತ್ತೆ. ಅಗ್ನಿ ಮೇಲೆ ಮುಚ್ಚಳ ಹಾಕೋದುಂಟೇನಮ್ಮ? ಆಕಾಶ ಕಾಣಬೇಕು," ಎಂದರು ಅಂಕಲ್. "ತಪಾಸಣೆ ಅಂತೆ! ನಾನು ಜೀವಮಾನವೆಲ್ಲ ಮಾಡಿದ್ದು ಇನ್ನೇನು?"

"ಅಂಕಲ್, ಬೋರ್ ಹತ್ರ ಇದೆ ಅಂದ್ನಲ್ಲ?" ಎಂದೆ ನಾನು.

"ಇಂದುಮತಿ, ನಿಂಗೆ ಇದೆಲ್ಲ ಗೊತ್ತಾಗಲ್ಲ, ಬಿಡಮ್ಮ."

ಆ ವೀಕೆಂಡು ಸತ್ಯ, ಕೆಲಸವಿಲ್ಲದೆ ಕೂತಿದ್ದ ಇಬ್ಬರು ಗೆಳೆಯರನ್ನು ಕರೆದುಕೊಂಡು ಟ್ಯಾಂಕನ್ನು ಅಗ್ನಿಮೂಲೆಗೆ ಸಾಗಿಸಿದ. ಬರಿ ನೆಲದ ಮೇಲೆ ಇಟ್ಟಿಗೆ ಜೋಡಿಸಿ ಕೂರಿಸಿದರು. ಅಂಕಲ್ ಕುಂಕುಮ ಹಚ್ಚಿ ಕಾಯಿ ಒಡೆದರು.

ಫೆಬ್ರವರಿಯಲ್ಲಿ ಗಿರಾಕಿ ಬಂದೇಬಿಟ್ಟರು. ಒಬ್ಬಳು ನಿವೃತ್ತ ಟೀಚರ್ ಮತ್ತವಳ ಗಂಡ. ಮನೆ ಹಿಡಿಸಿತು, ಮಾತು ಮುಗಿಯಿತು, ಕೊನೆಯ ತಪಾಸಣೆ ಒಂದೇ ಬಾಕಿ. ಪದ್ಮಜಾ ಅಂಕಲ್ ಕಾಲಿಗೆ ಬಿದ್ದಳು. ಊರೆಲ್ಲ ಅದೇ ಸುದ್ದಿ. ಮಾನ್ಯಾ ತನ್ನ ಗೊಂಬೆಗಳನ್ನು ತಾನೇ ಡಬ್ಬಕ್ಕೆ ತುಂಬಿ, ಮೇಲೆ 'ಡ್ಯಾಡೀಸ್ ಹೌಸ್' ಎಂದು ಬರೆದಿಟ್ಟಳು.

ಮಾರ್ಚ್ ಮೊದಲಲ್ಲಿ ಬಿಸಿಲು ಬಿತ್ತು. ಚಳಿಗಾಲವೆಲ್ಲ ಮಾಡಿನ ಮೇಲೆ ಕೂತಿದ್ದ ಐಸು ಒಂದೇ ಸಲಕ್ಕೆ ಜಾರಿ ಟ್ಯಾಂಕಿನ ಬುಡದಲ್ಲಿ ಹೊರಚಾಚಿದ್ದ ವಾಲ್ವನ್ನು ಮುರಿದುಹಾಕಿತು. ಪದ್ಮಜಾಗೆ ಸದ್ದು ಕೇಳಿಸಿತಂತೆ, ಮಂಜು ಬಿತ್ತು ಅಂದುಕೊಂಡಳಂತೆ. ಹೀಟರ್ ನಿಂತಾಗ ಅವಳು ಹೊರಗೆ ಹೋಗಿ ನೋಡಿದಳು. ಟ್ಯಾಂಕು ಖಾಲಿ. ಎಣ್ಣೆಯೆಲ್ಲ ನೆಲ ಕುಡಿದಿತ್ತು. ಕೆಲವು ದಿನಗಳಲ್ಲೇ ನಲ್ಲಿ ನೀರು ಸೀಮೆಎಣ್ಣೆ ನಾತ ಹೊಡೆಯತೊಡಗಿತು. ಆ ನೀರಲ್ಲಿ ಮಾಡಿದ ಸಾರು ಬಾಯಿಗಿಟ್ಟು ಮಾನ್ಯಾ ವಾಂತಿ ಮಾಡಿಕೊಂಡಳು. ತಪಾಸಣೆಗೆ ಬಂದವನು ನಲ್ಲಿ ತಿರುಗಿಸಿದ, ಮೂಗು ಮುಚ್ಚಿಕೊಂಡ, ಹೊರಟ. ಟೀಚರ್ ದಂಪತಿ ಫೋನ್ ಕೂಡ ಎತ್ತಲಿಲ್ಲ. ಕೇಳದೆ ಜಾಗ ಬದಲಾಯಿಸಿದ ಟ್ಯಾಂಕು ಎಂದು ಇನ್ಶೂರೆನ್ಸ್‌ನವರೂ ಕೈಯೆತ್ತಿದರು.

ಅಂಕಲ್ ಬಂದು ಮಾಡನ್ನು ನೋಡಿದರು, ಮುರಿದ ವಾಲ್ವ್ ನೋಡಿದರು. ಅವರ ಮುಖ ಬಿಳಿಚಿದ್ದನ್ನು ನಾನು ಕಣ್ಣಾರೆ ಕಂಡೆ. ಏನಾಗಿದೆಯೆಂದು ಅವರಿಗೆ ಪೂರ್ತಿ ತಿಳಿದಿತ್ತು. ಆಮೇಲೆ ಜೇಬಿನಿಂದ ದಿಕ್ಸೂಚಿ ತೆಗೆದರು.

"ಈ ಬೋರ್ ಯಾರು ತೋಡ್ಸಿದ್ದು? ಅಗ್ನಿಮೂಲೇಲಿ ನೀರು! ಇನ್ನೇನಾಗತ್ತೆ?"

ನನ್ನ ಮೈ ಉರಿದುಹೋಯಿತು. ಆದರೆ ನಮ್ಮವರೆಲ್ಲ ಅದನ್ನೇ ಒಪ್ಪಿದರು. ಯುಗಾದಿ ಊಟದಲ್ಲಿ ಕೇಳಿದವರಿಗೆಲ್ಲ ಒಂದೇ ಉತ್ತರ: ಪಾಪ ಪದ್ಮಜಾ, ಬೋರ್ ತಪ್ಪು ಮೂಲೆಯಲ್ಲಿತ್ತಂತೆ. ಸತ್ಯ ಬರುವುದು ಕಡಿಮೆಯಾಯಿತು. ಬಂದರೂ ಗಂಡ ಹೆಂಡತಿ ಮಾತಾಡುತ್ತಿರಲಿಲ್ಲ. ಮಾನ್ಯಾ ಡಬ್ಬ ಬಿಚ್ಚಲು ಒಪ್ಪಲಿಲ್ಲ.

"ನಮ್ಮ ಬೋರ್ ನೀರು ಅಮೃತ, ಬಂದು ತುಂಬ್ಕೊಂಡು ಹೋಗಮ್ಮ," ಎಂದು ಅಂಕಲ್ ಉದಾರತೆ ತೋರಿಸಿದರು. ಅವರ ಮನೆಯೂ ಅದೇ ಕಡೆ, ಸ್ವಲ್ಪ ದೂರದಲ್ಲಿತ್ತು. ಮೇ ತಿಂಗಳ ಒಂದು ಬೆಳಿಗ್ಗೆ ಕ್ಯಾನ್ ಹೊರಲು ನಾನೂ ಜೊತೆಗೆ ಹೋದೆ. ಅಡುಗೆಮನೆಯ ನಲ್ಲಿ ಕೆಟ್ಟಿತ್ತು. ಅವರ ಹೆಂಡತಿ ಸುವರ್ಣಮ್ಮ ಮನೆಯ ಹಿಂದಿನ ನಲ್ಲಿ ತೋರಿಸಿದರು. ನಾವು ಯಾರೂ ಅತ್ತ ಹೋದದ್ದೇ ಇಲ್ಲ. ದಿಕ್ಕು ನೋಡಲು ಅಂಕಲ್ ತಾನೇ ನಮ್ಮ ಮನೆಗಳಿಗೆ ಬರುತ್ತಿದ್ದದ್ದು.

ಅಲ್ಲಿ, ಈಶಾನ್ಯದಲ್ಲಿ, ಅವರ ಎಣ್ಣೆ ಟ್ಯಾಂಕು ನಿಂತಿತ್ತು. ಕೆಳಗೆ ದಪ್ಪ ಕಾಂಕ್ರೀಟು. ವಾಲ್ವ್ ಮೇಲೆ ಉಕ್ಕಿನ ಮುಚ್ಚಳ. ಆ ವರ್ಷದ ತಪಾಸಣೆಯ ಚೀಟಿ ಪ್ಲಾಸ್ಟಿಕ್ಕಿನಲ್ಲಿ ತೂಗಾಡುತ್ತಿತ್ತು.

ಅಂಕಲ್ ಕಾಫಿ ಲೋಟ ಹಿಡಿದು ಹೊರಬಂದರು. ಪದ್ಮಜಾ ಮೆಲ್ಲಗೆ ಕೇಳಿದಳು: "ಅಂಕಲ್, ನಿಮ್ಮ ಟ್ಯಾಂಕ್ ಈಶಾನ್ಯದಲ್ಲೇ ಇದ್ಯಲ್ಲ?"

"ಹೂನಮ್ಮ, ಇನ್ನೆಲ್ಲಿಡೋದು?" ಅಂಕಲ್ ತಮ್ಮ ಹಳೆಯ ಎಂಜಿನಿಯರ್ ಗತ್ತಿನಲ್ಲಿ ಆಗ್ನೇಯದ ಸೂರಿನ ಕಡೆ ಬೆರಳು ತೋರಿಸಿದರು. "ಆ ಕಡೆ ಐಸ್ ಜಾರತ್ತೆ. ಕೆಳಗಿಟ್ರೆ ವಾಲ್ವ್ ಮುರ್ಕೊಂಡು ಹೋಗತ್ತೆ, ಅಷ್ಟೆ."

ಹೇಳಿ ಮುಗಿಸಿದ ಮೇಲೂ ಅವರಿಗೆ ತಾವೇನು ಹೇಳಿದೆವೆಂದು ಹೊಳೆಯಲಿಲ್ಲ. ಒಳಗೆ ಫೋನ್ ಬಡಿದುಕೊಂಡಿತು. ಷಿಕಾಗೋ ಕಡೆಯ ಅರೋರಾದಿಂದ ಯಾರೋ, ಮನೆ ಮಾರಾಟವಾಗುತ್ತಿಲ್ಲವಂತೆ ಎಂದು ಸುವರ್ಣಮ್ಮ ಕೂಗಿದರು. ಅಂಕಲ್ ಹೆಗಲು ನೆಟ್ಟಗೆ ಮಾಡಿಕೊಂಡು ಒಳಗೆ ನಡೆದರು.

ಪದ್ಮಜಾ ನಲ್ಲಿಯ ಮುಂದೆ ಬಾಗಿದಳು. ನಾನು ಕ್ಯಾನ್ ಕಿತ್ತುಕೊಂಡು, "ಬಾರೇ, ಹೋಗೋಣ. ಈ ಮನೆ ನೀರು ಬೇಡ," ಎಂದೆ.

"ಮಾನ್ಯಾ ಏನು ಕುಡೀತಾಳೆ?" ಎಂದು ಅವಳು ಕ್ಯಾನನ್ನು ಮತ್ತೆ ನಲ್ಲಿಗೆ ಹಿಡಿದಳು.