ಎಪ್ಪತ್ತೆರಡು ಮೆಟ್ಟಿಲು, ಒಂದು ಕುರ್ಚಿ

ತನ್ನ ಕೊನೆಯ ಚಿತ್ರಕ್ಕೆ ಅವನು ಆರಿಸಿದ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ನಾಲ್ಕು ಮಹಡಿ, ಎಪ್ಪತ್ತೆರಡು ಮೆಟ್ಟಿಲು. ಮೆಟ್ಟಿಲು ಹತ್ತಲೇಬೇಡಿ ಎಂದು ಹೃದಯದ ಡಾಕ್ಟರು ಹೇಳಿ ಆಗ ಎರಡು ತಿಂಗಳಾಗಿತ್ತು. ಎರಡೂ ನನಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ಟಡ ನೋಡಲು ಅವನ ಜೊತೆ ಹೋದವನು ನಾನೇ. ಮೂರನೇ ಮಹಡಿಯ ಕಿಟಕಿ ತೋರಿಸಿ, "ಬೆಳಗ್ಗೆ ಹನ್ನೊಂದಕ್ಕೆ ಇಲ್ಲಿ ಬಿಸಿಲು ಬೀಳುತ್ತೆ ನೋಡು" ಎಂದವನೂ ನಾನೇ.

ಅವನು ನಿರ್ದೇಶಕ, ನಾನು ಸಂಕಲನಕಾರ. ಅವನು ತೆಗೆದದ್ದನ್ನು ಕತ್ತರಿಸಿ ಜೋಡಿಸುವುದು ನನ್ನ ಕೆಲಸ. ಮೂವತ್ತನಾಲ್ಕು ವರ್ಷ, ಹನ್ನೊಂದು ಚಿತ್ರ. ಅಷ್ಟು ವರ್ಷಕ್ಕೆ ಬೇರೆಯವರು ನಲವತ್ತು ಮಾಡಿ ಮುಗಿಸಿದ್ದರು.

ಅವನ ಅಪ್ಪ ದರ್ಜಿ. ಒಂದೇ ಕೋಣೆಯ ಅಂಗಡಿ, ಒಂದು ಹೊಲಿಗೆ ಯಂತ್ರ, ಗೋಡೆಗೆ ಒರಗಿಸಿದ ಆಳೆತ್ತರದ ಕನ್ನಡಿ. ಗಿರಾಕಿ ಹೊಸ ಅಂಗಿ ತೊಟ್ಟು, ಕನ್ನಡಿ ನೋಡಿ, ಖುಷಿಯಾಗಿ ಹೊರಟಾಗ ಅಪ್ಪ, "ಒಂದ್ನಿಮಿಷ, ಬಿಚ್ಚಿ ಸ್ವಾಮಿ" ಎನ್ನುತ್ತಿದ್ದರಂತೆ. ತೋಳಿನ ಹೊಲಿಗೆ ಕೂದಲೆಳೆಯಷ್ಟು ಓರೆಯಾಗಿರುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ಹೊಲಿಯುವ ತನಕ ಗಿರಾಕಿ ಬನಿಯನ್ನಿನಲ್ಲಿ ಬೆಂಚಿನ ಮೇಲೆ ಕೂತಿರಬೇಕು. "ಜಗತ್ತಿನಲ್ಲಿ ದರ್ಜಿಗಳೆಲ್ಲ ಹೊಲಿದು ಬದುಕ್ತಾರೆ, ನಿಮ್ಮಪ್ಪ ಬಿಚ್ಚಿ ಬದುಕ್ತಾರೆ ಕಣೋ" ಎಂದು ತಾಯಿ ಬೈಯುತ್ತಿದ್ದರು. ಈ ಕಥೆಯನ್ನು ಅವನು ನಗುತ್ತ ಹೇಳುತ್ತಿದ್ದ. ಹೇಳಿ ಮುಗಿಸುವಾಗ ಅವನ ಬೆರಳು ನನ್ನ ಅಂಗಿಯ ತೋಳಿನ ಹೊಲಿಗೆಯ ಮೇಲೆ ಓಡುತ್ತಿರುತ್ತಿತ್ತು.

ಮೊದಲ ಚಿತ್ರ ಬಿಡುಗಡೆಯಾಗಿ ಮೂರನೇ ವಾರ, ಜೇಬಿನಲ್ಲಿ ಕತ್ತರಿ ಇಟ್ಟುಕೊಂಡು ಒಂದು ಥಿಯೇಟರಿನ ಪ್ರೊಜೆಕ್ಟರ್ ಕೋಣೆಗೆ ನುಗ್ಗಿದ. ಒಂದು ಬಾಗಿಲು ಅರ್ಧ ಸೆಕೆಂಡ್ ತಡವಾಗಿ ಮುಚ್ಚುತ್ತದಂತೆ. ರೀಲು ಬಿಚ್ಚಿ, ಹನ್ನೆರಡು ಫ್ರೇಮ್ ಕತ್ತರಿಸಿ, ಅಂಟಿಸಿ ಬಂದ. ಪ್ರೊಜೆಕ್ಟರ್ ಆಪರೇಟರು ಮಾರನೇ ದಿನ ನನ್ನ ಕೋಣೆಗೆ ಬಂದು, "ನಿಮ್ಮ ಸ್ನೇಹಿತರಿಗೆ ಹೇಳಿ ಸ್ವಾಮಿ, ನಾನು ಅವರ ಮನೆಗೆ ಹೋಗಿ ಬಾಗಿಲು ರಿಪೇರಿ ಮಾಡ್ತೀನಾ?" ಎಂದು ಜಗಳ ತೆಗೆದಿದ್ದ.

ಅವನ ಸೆಟ್‌ನಲ್ಲಿ ಎರಡು ಕಟ್ಟಳೆ ಇದ್ದವು. ತಾನು ಮಾಡದ್ದನ್ನು ನಟನಿಗೆ ಮಾಡು ಅನ್ನುವುದಿಲ್ಲ. ಪ್ರತಿ ಟೇಕಿಗೂ ಮುಂಚೆ, ಕ್ಯಾಮೆರಾದ ಎದುರಲ್ಲೇ, ಪೂರ್ತಿ ತಾನು ಮಾಡಿ ತೋರಿಸುತ್ತಿದ್ದ. ಎರಡನೇ ಚಿತ್ರದಲ್ಲಿ ನಾಯಕಿ ಈರುಳ್ಳಿ ಹೆಚ್ಚುತ್ತ ಗಂಡನ ಸಾವಿನ ಸುದ್ದಿ ಕೇಳುವ ದೃಶ್ಯ. "ಈರುಳ್ಳಿಯ ಕಣ್ಣೀರು ಎಲ್ಲಿ ಮುಗೀತು, ಸುದ್ದಿಯ ಕಣ್ಣೀರು ಎಲ್ಲಿ ಶುರುವಾಯ್ತು ಅಂತ ಗೊತ್ತಾಗಬಾರದು" ಎಂದ. ಮೂವತ್ತೊಂದು ಟೇಕ್. ಮೂವತ್ತೊಂದು ಸಲವೂ ಮೊದಲು ತಾನೇ ಹೆಚ್ಚಿದ. ಸಂಜೆಯ ಹೊತ್ತಿಗೆ ಇಡೀ ತಂಡ ಸೊರಸೊರ ಮೂಗು ಎಳೆಯುತ್ತಿತ್ತು. "ಪಿಕ್ಚರ್ ನೋಡಿ ಜನ ಅಳ್ತಾರೋ ಬಿಡ್ತಾರೋ, ನಮ್ಮ ಪಾಲಿಂದು ಮುಗೀತು ಸಾರ್" ಎಂದ ಲೈಟಿನವನು.

ಎರಡನೆಯ ಕಟ್ಟಳೆ ಇನ್ನೂ ಬಿಗಿ. ಅವನು "ಕಟ್" ಅನ್ನುವ ತನಕ ಯಾರೂ ಅಲುಗಾಡಬಾರದು. ತಾನು ತೋರಿಸುವಾಗಲೂ ಅಷ್ಟೇ. ಒಮ್ಮೆ ಕ್ಯಾಮೆರಾದವನ ಕಿವಿಗೆ ಕಣಜ ಕಚ್ಚಿತು. ಕಿವಿ ಊದಿ ಬದನೆಯಾಯಿತು, ಕ್ಯಾಮೆರಾ ಅಲ್ಲಾಡಲಿಲ್ಲ. ಆ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದ್ದೇವೆ.

ನನಗಿದ್ದದ್ದು ಒಂದು ಅಭ್ಯಾಸ. ಶಾಟ್ ತೋರಿಸಿದಾಗ ಒಂದು ಸಲ ನೋಡುತ್ತೇನೆ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರಸುತ್ತೇನೆ. ಇನ್ನೊಂದು ಸಲ ನೋಡುತ್ತೇನೆ. ಆಮೇಲೇ ಬಾಯಿ ಬಿಡುವುದು, ಬಿಟ್ಟರೆ ಹೆಚ್ಚಾಗಿ ತಪ್ಪೇ. ಉಳಿದವರು ಹೊಗಳುವಾಗ ಅವನು ನನ್ನ ಕನ್ನಡಕ ನೋಡುತ್ತ ಕಾಯುತ್ತಿದ್ದ.

ಹನ್ನೆರಡನೆಯ ಚಿತ್ರದ್ದು ಸಣ್ಣ ಕಥೆ. ನಾಲ್ಕನೇ ಮಹಡಿಯಲ್ಲಿ ಹೆಂಡತಿ ಹಾಸಿಗೆ ಹಿಡಿದಿದ್ದಾಳೆ. ಅವಳ ಪಕ್ಕ ಕೂರಲು ಗಂಡ ಕೆಳಗಿನಿಂದ ಒಂದು ಮರದ ಕುರ್ಚಿ ಹೊತ್ತು ತರುತ್ತಾನೆ. ಮೂರನೇ ಮಹಡಿಯ ಬಿಸಿಲಿನಲ್ಲಿ ಕುರ್ಚಿ ಇಳಿಸಿ ನಿಲ್ಲುತ್ತಾನೆ. ಕೂರುವುದಿಲ್ಲ. ಮತ್ತೆ ಎತ್ತಿಕೊಂಡು ಹತ್ತುತ್ತಾನೆ. "ಕೂರಬೇಕು ಅಂತ ಪ್ರಾಣ ಹೋಗ್ತಿರಬೇಕು, ಆದ್ರೂ ಕೂರಬಾರದು. ಅಷ್ಟೇ ಸಿನಿಮಾ" ಎಂದಿದ್ದ.

ಕ್ಯಾಮೆರಾ ಇದ್ದದ್ದು ಮೂರನೇ ಮಹಡಿಯಲ್ಲಿ. ಆದರೆ ಪ್ರತಿ ಸಲವೂ ನೆಲಮಹಡಿಯಿಂದಲೇ ಹತ್ತಿ ಬರಬೇಕು ಎಂದು ಹಟ ಹಿಡಿದ. "ಮೇಲೆ ನಿಂತು ಏದುಸಿರು ನಟಿಸಿದ್ರೆ ಕಂಡುಬಿಡುತ್ತೆ."

ಅವನ ಹೆಂಡತಿ ಗಣಿತದ ಟೀಚರು. ಶೂಟಿಂಗಿನ ಹಿಂದಿನ ದಿನ ನನ್ನ ಕೋಣೆಗೆ ಬಂದು ಕೂತಳು.

"ಅಣ್ಣಾ, ಮೂರನೇ ಮಹಡಿಗೆ ಐವತ್ತನಾಲ್ಕು ಮೆಟ್ಟಿಲು. ಆ ಬಿಸಿಲು ಇರೋದು ಇಪ್ಪತ್ತು ನಿಮಿಷ, ದಿನಕ್ಕೆ ಎರಡು ಟೇಕ್. ಇವರು ತೋರಿಸ್ದೆ ಬಿಡಲ್ಲ. ನೂರೆಂಟು ಮೆಟ್ಟಿಲು, ಕೈಯಲ್ಲಿ ಕುರ್ಚಿ. ಆ ಎದೆ ಎಷ್ಟು ದಿನ ತಡೆಯುತ್ತೆ, ನೀವೇ ಲೆಕ್ಕ ಹಾಕಿ."

"ನಾನು ಹೇಳಿದ್ರೆ ಕೇಳ್ತಾನೇನಮ್ಮಾ?"

"ಬೇಡ ಅಂದ್ರೆ ಕೇಳಲ್ಲ. 'ಅವನು ಸರಿ ಅಂದ ದಿನ ಮುಗಿಸ್ತೀನಿ' ಅಂತ ನನಗೆ ಮಾತು ಕೊಟ್ಟಿದಾರೆ. ಅವನು ಅಂದ್ರೆ ನೀವು. ಒಂದೇ ಒಂದ್ಸಲ, ಸರಿ ಇಲ್ದೇ ಇದ್ರೂ, ಸರಿ ಅಂದ್ಬಿಡಿ ಅಣ್ಣಾ."

ಹೂಂ ಎಂದೆ. ಆದರೆ ಮೊದಲ ದಿನ ಸರಿ ಅನ್ನಲಿಲ್ಲ. ಕೆಳಗಿನ ಕೋಣೆಯಲ್ಲಿ ಮಾನಿಟರ್ ಮುಂದೆ ಕೂತು ನೋಡಿದೆ, ಒರಸಿದೆ, ನೋಡಿದೆ, "ಕುರ್ಚಿ ಬೇಗ ಇಳಿಸಿದ್ರು" ಎಂದೆ. ಬಾಯಿ ತಾನಾಗಿ ಆಡಿತು. ಪಕ್ಕದಲ್ಲೇ ಕೂತಿದ್ದ ಅವನ ಹೆಂಡತಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಎರಡನೇ ದಿನ, "ಕಣ್ಣು ಕುರ್ಚಿ ಕಡೆ ಹೋಗಲಿಲ್ಲ." ಮೂರನೇ ದಿನ ಇನ್ನೊಂದು. ಗಂಡನ ಪಾತ್ರದ ಮುದುಕ ನಟ ಬೆವರು ಒರಸಿಕೊಳ್ಳುತ್ತ, "ಇಷ್ಟು ಮೆಟ್ಟಿಲು ನೆಟ್ಟಗೆ ಹತ್ತಿದ್ದಿದ್ರೆ ಇಷ್ಟೊತ್ತಿಗೆ ಸ್ವರ್ಗ ದಾಟಿ ಆಚೆ ಕಡೆ ಇಳೀತಿದ್ದೆ" ಎಂದರು. ಎಲ್ಲರೂ ನಕ್ಕೆವು. ಅವನೂ ನಗಲು ಹೋದ, ಉಸಿರು ಸಾಲಲಿಲ್ಲ.

ಐದನೇ ದಿನ ಅವನು ತೋರಿಸಿ ಇಳಿದು ಬಂದಾಗ ತುಟಿ ನೀಲಿಗಟ್ಟಿತ್ತು. ಕಂಬಿ ಹಿಡಿದ ಕೈಯನ್ನು ಬಿಡಲಾಗದೆ ಒಂದು ಗಳಿಗೆ ಅಲ್ಲೇ ನಿಂತಿದ್ದ. ನಟ ಹೋಗಿ ಟೇಕ್ ಕೊಟ್ಟರು. ನಾನು ನೋಡಿದ್ದು ಮಾನಿಟರನ್ನಲ್ಲ, ಮಾನಿಟರಿನ ಗಾಜಿನಲ್ಲಿ ಕಾಣುತ್ತಿದ್ದ ಅವನ ಮುಖವನ್ನು. ಶಾಟ್ ಮುಗಿಯಿತೋ ಇಲ್ಲವೋ, "ಚೆನ್ನಾಗಿದೆ. ಇದೇ ಸರಿ" ಎಂದೆ.

ಅವಳು ತಡೆಹಿಡಿದಿದ್ದ ಉಸಿರನ್ನು ಬಿಟ್ಟದ್ದು ನನಗೆ ಕೇಳಿಸಿತು.

ಅವನು ನನ್ನನ್ನೇ ನೋಡಿದ. "ಕನ್ನಡಕ ಒರಸಲಿಲ್ವಲ್ಲೋ."

"ಒರಸೋ ಅಗತ್ಯ ಬೀಳಲಿಲ್ಲ."

"ಮೂವತ್ತನಾಲ್ಕು ವರ್ಷದಲ್ಲಿ ಇವತ್ತೊಂದಿನ ಬೀಳಲಿಲ್ವಾ?" ಕೋಪವಿರಲಿಲ್ಲ, ನಗುತ್ತಿದ್ದ. ಹೆಂಡತಿಯ ಕಡೆ ತಿರುಗಿ, "ನೀನು ಇವನನ್ನೂ ಕೆಡಿಸಿಬಿಟ್ಟೆಯಲ್ಲ" ಎಂದ. ಗಡಿಯಾರ ನೋಡಿ, "ಬಿಸಿಲು ಇನ್ನೂ ಹತ್ತು ನಿಮಿಷ ಇದೆ. ಇನ್ನೊಂದ್ಸಲ" ಎಂದು ನಟ ಕೆಳಗೆ ತಂದಿದ್ದ ಕುರ್ಚಿ ಎತ್ತಿಕೊಂಡ.

ನಾನು ಎದ್ದು ಕುರ್ಚಿ ಕಿತ್ತುಕೊಳ್ಳಬಹುದಿತ್ತು. ಸಿಕ್ಕಿಬಿದ್ದ ನಾಚಿಕೆಯಲ್ಲಿ ಕೂತೇ ಇದ್ದೆ.

ಬೆಳಕು ನೋಡಿಕೊಳ್ಳಲು ಅವನು ತೋರಿಸುವಾಗಲೂ ಕ್ಯಾಮೆರಾ ಓಡುತ್ತಿರುತ್ತಿತ್ತು. ಮಾನಿಟರಿನಲ್ಲಿ ಮೊದಲು ಕುರ್ಚಿಯ ಕಾಲು ಕಂಡಿತು, ಆಮೇಲೆ ಅವನು. ಬಿಸಿಲಿಗೆ ಬಂದ. ಕುರ್ಚಿ ಇಳಿಸಿದ. ನಿಂತ. ಆಮೇಲೆ ಮೆಲ್ಲಗೆ ಕೂತ.

ಓ, ದೃಶ್ಯ ಬದಲಾಯಿಸಿದ ಎಂದುಕೊಂಡೆ. ಮೇಲಿದ್ದವರೂ ಹಾಗೇ ಎಂದುಕೊಂಡರಂತೆ. ಗದ್ದ ಎದೆಗೆ ತಾಗಿತು, ಒಂದು ಕೈ ಪಕ್ಕಕ್ಕೆ ಜಾರಿ ತೂಗಿತು. ಎಷ್ಟು ಸಹಜವಾಗಿ ಮಾಡುತ್ತಾನೆ ಎಂದುಕೊಂಡೆ. ಕಟ್ ಅನ್ನಲಿ ಎಂದು ಎಲ್ಲರೂ ಕಾದೆವು. ಕ್ಯಾಮೆರಾದವನು ಎರಡು ಮಾರು ದೂರದಲ್ಲಿದ್ದ, ಅಲ್ಲಾಡಲಿಲ್ಲ. ಬಿಸಿಲು ಅವನ ಮೊಣಕಾಲಿನಿಂದ ಪಾದಕ್ಕೆ ಇಳಿಯಿತು.

"ಕೂರೋ ಹಾಗಿಲ್ವಲ್ಲ ಅಲ್ಲಿ?" ಎಂದಳು ಅವಳು. ನನ್ನ ಉತ್ತರಕ್ಕೆ ಕಾಯದೆ ಓಡಿದಳು. ಅವಳ ಚಪ್ಪಲಿಯ ಸದ್ದು ಮೆಟ್ಟಿಲುಗಳ ಮೇಲೆ ಕೇಳುತ್ತಲೇ ಇತ್ತು. ಫ್ರೇಮಿನೊಳಗೆ ಮೊದಲು ಕಾಲಿಟ್ಟವಳು ಅವಳೇ.

ಹದಿನೈದು ದಿನದ ಮೇಲೆ ನನ್ನ ಕೋಣೆಯ ಬಾಗಿಲು ಹಾಕಿಕೊಂಡು, ನಾನು ನೋಡದೆ ಸರಿ ಎಂದ ಟೇಕನ್ನು ಹಾಕಿದೆ. ನಟ ಬಿಸಿಲಿಗೆ ಬರುತ್ತಾರೆ. ಕುರ್ಚಿ ಇಳಿಸುತ್ತಾರೆ. ಮೊಣಕಾಲು ಒಂದಿಷ್ಟೇ ಮಡಿಯುತ್ತದೆ, ತಾನಾಗಿ ನಿಲ್ಲುತ್ತದೆ. ಕನ್ನಡಕ ಒರಸಿ ಮತ್ತೆ ನೋಡಿದೆ. ಹತ್ತು ಸಲ ನೋಡಿದೆ. ಒಂದು ಫ್ರೇಮ್ ಕೂಡ ತಪ್ಪಿರಲಿಲ್ಲ.

ಅವಳು ಬಂದು ಕೇಳಿದಳು. "ಅವತ್ತಿನದು ನಿಜವಾಗ್ಲೂ ಸರಿ ಇತ್ತಾ ಅಣ್ಣಾ?"

ಅವಳೆದುರಿಗೇ ಅದನ್ನು ಹಾಕಿದೆ. ನೋಡಿದೆ, ಕನ್ನಡಕ ತೆಗೆದು ಒರಸಿದೆ, ಮತ್ತೆ ನೋಡಿದೆ. "ಇಲ್ಲಮ್ಮಾ" ಎಂದೆ. "ಕೊನೆಯಲ್ಲಿ ಸ್ವಲ್ಪ ತಪ್ಪಿದೆ. ಅವನು ಹೇಳಿದ್ದೇ ಸರಿ. ಇನ್ನೊಂದ್ಸಲ ಬೇಕಿತ್ತು."

ಹೋಗುವಾಗ ಅವಳ ಮುಖ ಸ್ವಲ್ಪ ಹಗುರಾಗಿತ್ತು.

ಈ ಬರಹವನ್ನು ಅವಳು ಓದುತ್ತಾಳೆ ಎಂದು ಗೊತ್ತು. ಚಿತ್ರ ಮುಗಿದಿದೆ. ಅದರಲ್ಲಿ, ಅವಳೆದುರು ತಪ್ಪಿದೆ ಎಂದ ಆ ಟೇಕನ್ನೇ ಇಟ್ಟಿದ್ದೇನೆ.